ಒಂದು ತಿಂಗಳ ಬಿಡುವು

ವಿಹಾರಕ್ಕೆಂದು ಹೊರಟವರು ದೂರದ ಊರಿನಲ್ಲಿ ಒಲವನ್ನು ಕಂಡು, ಹಳೆಯ ದುಃಖವನ್ನು ಕಳೆದುಕೊಂಡು ಮನೆಗೆ ಮರಳುವ ಕಾದಂಬರಿಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ರೈಲಿನಲ್ಲಿ ಓದಿ ಅಲ್ಲಿಯೇ ಮರೆತು ಬರಬಹುದಾದ ಪುಸ್ತಕಗಳೆಂದು ಇವುಗಳ ವಿಷಯದಲ್ಲಿ ಬಹಳ ಜನರಿಗೆ ತಾತ್ಸಾರ. ನನಗೂ ಇತ್ತು. ಎಲಿಜಬೆತ್ ಫಾನ್ ಆರ್ನಿಮ್ ಬರೆದು 1922ರಲ್ಲಿ ಪ್ರಕಟವಾದ ‘ದಿ ಎನ್‌ಚಾಂಟೆಡ್ ಏಪ್ರಿಲ್’ ಓದಿದ ಮೇಲೆ ಆ ತಾತ್ಸಾರ ಉಳಿಯಲಿಲ್ಲ.

ಕಥೆ ಆರಂಭವಾಗುವುದು ಲಂಡನ್ನಿನಲ್ಲಿ, ಫೆಬ್ರವರಿ ತಿಂಗಳ ಒಂದು ಮಳೆಯ ಮಧ್ಯಾಹ್ನ. ಶ್ರೀಮತಿ ವಿಲ್ಕಿನ್ಸ್ ಎಂಬ ಅಂಜುಬುರುಕ ಗೃಹಿಣಿ ಮಹಿಳೆಯರ ಕ್ಲಬ್ಬಿನಲ್ಲಿ ಪತ್ರಿಕೆ ನೋಡುತ್ತಿದ್ದಾಳೆ. ಇಟಲಿಯ ಸಮುದ್ರತೀರದ ಹಳೆಯ ಕೋಟೆಮನೆಯೊಂದು ಏಪ್ರಿಲ್ ತಿಂಗಳಿಗೆ ಬಾಡಿಗೆಗಿದೆ ಎಂಬ ಜಾಹೀರಾತು ಅವಳ ಕಣ್ಣಿಗೆ ಬೀಳುತ್ತದೆ. ಅದೇ ಜಾಹೀರಾತನ್ನು ರೋಸ್ ಆರ್ಬತ್‌ನಾಟ್ ಎಂಬಾಕೆಯೂ ನೋಡುತ್ತಿದ್ದಾಳೆ. ಬಾಡಿಗೆ 60 ಪೌಂಡು, ಇಬ್ಬರಿಗೆ ಹೊರೆಯಾಗುವಷ್ಟು. ಆದ್ದರಿಂದ ಇನ್ನಿಬ್ಬರನ್ನು ಕೂಡಿಸಿಕೊಂಡು, ತಲೆಗೆ 15 ಪೌಂಡಿನಂತೆ ಹಂಚಿಕೊಂಡು ನಾಲ್ವರು ಹೆಂಗಸರು ಹೊರಡುತ್ತಾರೆ.

ನಾಲ್ವರಿಗೂ ಒಂದೊಂದು ಗಾಯವಿದೆ. ಶ್ರೀಮತಿ ವಿಲ್ಕಿನ್ಸ್ ಗಂಡನ ಮುಂದೆ ಬಾಯಿ ಬಿಡಲಾರಳು. ರೋಸ್ ತನ್ನ ಮಗುವನ್ನು ಕಳೆದುಕೊಂಡವಳು. ಗಂಡ ರಾಜರ ಪ್ರೇಯಸಿಯರ ಕುರಿತು ಪುಸ್ತಕ ಬರೆದು ಗಳಿಸುವ ಹಣ ಅವಳಿಗೆ ಪಾಪವಾಗಿ ತೋರಿ, ಅದನ್ನು ಬಡವರಿಗೆ ಹಂಚುತ್ತ ದೇವರ ಕೆಲಸದಲ್ಲಿ ಮುಳುಗಿದ್ದಾಳೆ. ಸುಂದರಿಯಾದ ಲೇಡಿ ಕ್ಯಾರೊಲೈನಳು ಪ್ರೀತಿಸಿದವನು ಯುದ್ಧದಲ್ಲಿ ಮಡಿದಿದ್ದಾನೆ. ಅವಳಿಗೆ ಈಗ ಬೇಕಾಗಿರುವುದು ಯಾರೂ ತನ್ನನ್ನು ದಿಟ್ಟಿಸದಿರುವುದು, ಅಷ್ಟೆ. ವಿಧವೆಯಾದ ಶ್ರೀಮತಿ ಫಿಷರ್ ತೀರಿಹೋದ ದೊಡ್ಡ ಮನುಷ್ಯರ ನೆನಪಿನಲ್ಲಿಯೇ ಕಾಲ ಕಳೆಯುವ ಮುದುಕಿ.

ಇದೆಲ್ಲ ಬರಿಯ ಕಲ್ಪನೆಯಲ್ಲ ಎಂಬುದು ಲೇಖಕಿಯ ಬಾಳನ್ನು ನೋಡಿದರೆ ತಿಳಿಯುತ್ತದೆ. ಆಕೆ 1866ರಲ್ಲಿ ಸಿಡ್ನಿಯಲ್ಲಿ ಹುಟ್ಟಿದಳು; 1891ರಲ್ಲಿ ಜರ್ಮನಿಯ ಕೌಂಟನೊಬ್ಬನನ್ನು ಮದುವೆಯಾದಳು. ಅವನು 1910ರಲ್ಲಿ ತೀರಿಕೊಂಡ. 1916ರಲ್ಲಿ, ಯುದ್ಧದ ನಡುವೆ, ತಾಯಿ ಇಂಗ್ಲೆಂಡಿನ ಕಡೆ, ಮಗಳು ಜರ್ಮನಿಯಲ್ಲಿ; ಆ ಎಳೆಯ ಮಗಳು ಅಲ್ಲಿಯೇ ಸತ್ತಳು. ಅದೇ ವರ್ಷ ಬರ್ಟ್ರಂಡ್ ರಸೆಲ್ಲರ ಅಣ್ಣನನ್ನು ಕೈಹಿಡಿದು, ಆ ಸಂಸಾರವನ್ನು ತಾಳಲಾರದೆ 1919ರಲ್ಲಿ ಬಿಟ್ಟುಬಂದಳು. ಹೆಂಡತಿಯನ್ನು ಉಸಿರು ಕಟ್ಟಿಸುವ ಗಂಡನ ಕಥೆಯಾದ ‘ವೇರಾ’ 1921ರಲ್ಲಿ ಬಂತು. ಅದೇ ವರ್ಷ ಆಕೆ ಇಟಲಿಯ ಪೋರ್ಟೊಫಿನೊದ ಕೋಟೆಯೊಂದರಲ್ಲಿ ತಂಗಿದ್ದಳು. ಆ ವಾಸದಿಂದ ಹುಟ್ಟಿದ್ದು ಈ ಕಾದಂಬರಿ. ‘ವೇರಾ’ದ ಕತ್ತಲೆಯನ್ನು ದಾಟಿ ಒಂದೇ ವರ್ಷದಲ್ಲಿ ಇಷ್ಟು ಬೆಳಕು ಬರೆಯಲು ಎಷ್ಟು ಗಟ್ಟಿತನ ಬೇಕೋ ಕಾಣೆ.

ಹಾಗಾದರೆ ಈ ಹೆಂಗಸರನ್ನು ಗುಣಪಡಿಸಿದ್ದು ಏನು? ಬಿಸಿಲು, ಹೂವು, ಸಮುದ್ರ ಎಂದು ಮೇಲುನೋಟಕ್ಕೆ ತೋರುತ್ತದೆ. ಲೇಖಕಿ ಪುಟಗಟ್ಟಲೆ ಹೂವುಗಳನ್ನೇ ಬಣ್ಣಿಸಿದ್ದಾಳೆ (ಕೆಲವು ಪುಟ ನಾನು ಹಾರಿಸಿದೆನೆಂದು ಒಪ್ಪಿಕೊಳ್ಳುತ್ತೇನೆ). ಆದರೆ ಒಳಗಿನ ಕಾರಣ ಬೇರೆ. ಕೋಟೆಯಲ್ಲಿ ಯಾರೂ ಅವರಿಂದ ಏನನ್ನೂ ಕೇಳುವುದಿಲ್ಲ. ಶ್ರೀಮತಿ ವಿಲ್ಕಿನ್ಸಳಿಗೆ ಇದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಗಂಡ ಕೊಟ್ಟಷ್ಟೇ ಪ್ರೀತಿಯನ್ನು ತಾನೂ ಕೊಡುತ್ತೇನೆಂದು ಇಷ್ಟು ದಿನ ತಕ್ಕಡಿ ಹಿಡಿದು ಕುಳಿತಿದ್ದೆನಲ್ಲ ಎಂದು ನಾಚಿ, ಬಿಟ್ಟುಬಂದ ಗಂಡನನ್ನು ತಾನೇ ಬರಮಾಡಿಕೊಳ್ಳುತ್ತಾಳೆ. ಅವನು ಬಂದ ದಿನವೇ ಸ್ನಾನದ ಒಲೆ ಸಿಡಿದು, ಆ ಘನ ವಕೀಲ ಟವಲು ಸುತ್ತಿಕೊಂಡು ಓಡಿಬಂದು ಲೇಡಿ ಕ್ಯಾರೊಲೈನಳೆದುರು ನಿಲ್ಲುವ ಪ್ರಸಂಗವನ್ನು ಓದಿ ನಗದವರಿಲ್ಲ.

ರೋಸಳ ಕಥೆಯಲ್ಲಿ ಮಾತ್ರ ನನಗೆ ಇನ್ನೂ ಸಮಾಧಾನವಾಗಿಲ್ಲ. ಅವಳ ಗಂಡ ಫ್ರೆಡರಿಕ್ ಕೋಟೆಗೆ ಬರುವುದು ಅವಳಿಗಾಗಿ ಅಲ್ಲ. ಬೇರೊಂದು ಹೆಸರಿನಲ್ಲಿ ಪರಿಚಯವಾಗಿದ್ದ ಲೇಡಿ ಕ್ಯಾರೊಲೈನಳನ್ನು ಅರಸಿಕೊಂಡು. ಹೆಂಡತಿ ಅಲ್ಲಿರುವುದೇ ಅವನಿಗೆ ಗೊತ್ತಿಲ್ಲ. ರೋಸ್ ಮಾತ್ರ ತನ್ನ ಕಾಗದ ಕಂಡು ಬಂದನೆಂದು ನಂಬಿ ಓಡಿಹೋಗಿ ತಬ್ಬಿಕೊಳ್ಳುತ್ತಾಳೆ. ಅವನು ನಾಚುತ್ತಾನೆ, ಹಳೆಯ ಪ್ರೀತಿ ಮರಳುತ್ತದೆ. ಕ್ಯಾರೊಲೈನ್ ಗುಟ್ಟು ಬಿಡುವುದಿಲ್ಲ. ತಪ್ಪು ತಿಳುವಳಿಕೆಯ ಮೇಲೆ ನಿಂತ ಸುಖವನ್ನು ನಿಜವೆನ್ನಬಹುದೇ? ಲೇಖಕಿ ಹೌದೆನ್ನುತ್ತಾಳೆ. ನಾನು ಅರೆಮನಸ್ಸಿನಿಂದ ಒಪ್ಪುತ್ತೇನೆ.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವ್ವನಿಗೆ ಓದು ಬಾರದು. ಪಂಚಮಿಗೆ ನಾಲ್ಕು ದಿನ ತವರಿಗೆ ಹೋಗುವುದೇ ಅವಳ ಬಿಡುವು. ರಜೆಯಲ್ಲಿ ಊರಿಗೆ ಹೋದಾಗ ಈ ಕಥೆಯನ್ನು ಅವಳಿಗೆ ಹೇಳಿದೆ. ಎಲ್ಲವನ್ನೂ ಕೇಳಿ, “ತಿಂಗಳೊಪ್ಪತ್ತು ಅಲ್ಲಿ ಅಡಿಗಿ ಯಾರು ಮಾಡತಿದ್ದರೋ ತಮ್ಮಾ?” ಎಂದಳು. ಆಳುಗಳು ಮನೆಯಲ್ಲಿಯೇ ಇರುವರೆಂದು ಜಾಹೀರಾತಿನಲ್ಲಿಯೇ ಬರೆದಿತ್ತು, ನಾನು ಗಮನಿಸಿರಲಿಲ್ಲ. ಮರಳಿ ಪುಸ್ತಕ ತೆರೆದು ಅಡುಗೆಯ ಕೊಸ್ಟಾಂಝಾ, ತೋಟದ ಡೊಮೆನಿಕೊ ಇವರನ್ನು ಹುಡುಕಿ ಹುಡುಕಿ ಓದಿದೆ. ಅವರಿದ್ದಾರೆ, ನಗಿಸುತ್ತಾರೆ, ಅವರ ಮನಸ್ಸಿನ ನೋವಿಗೆ ಮಾತ್ರ ಈ ಏಪ್ರಿಲ್ಲಿನಲ್ಲಿ ಪುಟವಿಲ್ಲ.

ಅವ್ವ ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು: “ಕೂಸು ಕಳಕೊಂಡಾಕಿಗೆ ಮುಂದ ಮಕ್ಕಳಾದವೇನು?” ಪುಸ್ತಕ ಅಲ್ಲಿಯವರೆಗೆ ಹೋಗುವುದಿಲ್ಲ. ಮೇ ತಿಂಗಳ ಮೊದಲ ದಿನ ಎಲ್ಲರೂ ಕೋಟೆ ಬಿಟ್ಟು ಹೊರಡುವಲ್ಲಿಗೆ ಕಥೆ ಮುಗಿಯುತ್ತದೆ. “ಆಗಿರತಾವ ಬಿಡು” ಎಂದು ಅವಳೇ ಹೇಳಿ ಎದ್ದುಹೋದಳು.