ಅಂಗಡಿಗೆ ಹೋಗಿ ಬರುವ ವಿದ್ಯೆ

ಅಂಗಡಿಗೆ ಹೋಗಿ ಒಂದು ಸಾಬೂನು, ಒಂದು ತೆಂಗಿನಕಾಯಿ, ಅರ್ಧ ಕಿಲೋ ಸಕ್ಕರೆ ಕೊಂಡು ತರುವುದು ಒಂದು ವಿದ್ಯೆಯೇ? ಹೀಗೆಂದು ಕೇಳಿದರೆ ಅನೇಕರು ನಕ್ಕಾರು. ಆದರೆ ಈ ಕೆಲಸವನ್ನು ನಾವು ಎಂದು ಕಲಿತೆವು, ಯಾರಿಂದ ಕಲಿತೆವು ಎಂದು ಯೋಚಿಸಿದರೆ ಉತ್ತರ ಹೊಳೆಯುವುದಿಲ್ಲ. ತಾಯಿಯ ಸೆರಗು ಹಿಡಿದು ಸಂತೆಗೆ ಹೋದಾಗ ಕಂಡದ್ದು, ಕೇಳಿದ್ದು ತಾನಾಗಿಯೇ ನಮ್ಮೊಳಗೆ ಸೇರಿತು. ಹಾಗೆ ತಾನಾಗಿ ಸೇರದೆ, ಬಿಡಿಬಿಡಿಯಾಗಿ ಕಲಿಸಿದಾಗ ಮಾತ್ರ ನೆಲೆಗೊಳ್ಳುವ ಸಂದರ್ಭಗಳೂ ಉಂಟು. ಡೌನ್ ಸಿಂಡ್ರೋಮ್ ಇರುವವರ ಕಲಿಕೆ ಬಹುಮಟ್ಟಿಗೆ ಇಂಥದು.

ಈ ಸ್ಥಿತಿಯ ಲಕ್ಷಣಗಳನ್ನು 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ವರ್ಣಿಸಿದರು. ಅದರ ಕಾರಣ ತಿಳಿಯಲು ಸುಮಾರು ಒಂದು ಶತಮಾನವೇ ಹಿಡಿಯಿತು. ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಾಗಿ, ಒಟ್ಟು 47 ಇರುತ್ತವೆಂದು 1959ರಲ್ಲಿ ಫ್ರಾನ್ಸಿನ ಲಜೂನ್, ಗೋಟಿಯೇ ಮತ್ತು ತ್ಯುರ್ಪೆನ್ ಪ್ರಕಟಿಸಿದರು. ಇದು ಅಂಟುರೋಗವಲ್ಲ, ತಾಯಿತಂದೆಗಳ ತಪ್ಪಿನಿಂದ ಬಂದುದೂ ಅಲ್ಲ. ಸುಮಾರು 700ರಿಂದ 1000 ಜನನಗಳಲ್ಲಿ ಒಂದು ಮಗು ಹೀಗೆ ಹುಟ್ಟುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. 1983ರ ಸುಮಾರಿಗೆ ಅಮೆರಿಕದಲ್ಲಿ ಇಂಥವರ ಸರಾಸರಿ ಆಯುಷ್ಯ 25 ವರ್ಷಗಳಷ್ಟಿತ್ತು. ಹುಟ್ಟಿನಿಂದ ಬಂದ ಹೃದಯದೋಷಗಳಿಗೆ ಶಸ್ತ್ರಚಿಕಿತ್ಸೆ ಮೊದಲಾದ ಉಪಾಯಗಳು ದೊರೆತ ಮೇಲೆ ಅದು 60 ವರ್ಷದ ಆಸುಪಾಸಿಗೆ ಏರಿದೆ. ಎಂದರೆ, ಮಗ ಅಥವಾ ಮಗಳು ತಾಯಿತಂದೆಗಳ ಕಾಲಾನಂತರವೂ ಬದುಕಿರುವ ಸಂಭವ ಹೆಚ್ಚಾಗಿದೆ. “ನಮ್ಮ ನಂತರ ಇವನ ಗತಿಯೇನು?” ಎಂಬ ಚಿಂತೆಗೆ ಪೂರ್ಣವಾದ ಪರಿಹಾರವಲ್ಲದಿದ್ದರೂ, ಅಂಗಡಿಗೆ ಹೋಗಿ ಬರಬಲ್ಲ ಸಾಮರ್ಥ್ಯ ಅದರ ಒಂದು ಭಾಗವೆಂಬುದು ನಿಶ್ಚಯ.

ಅಂಕೋಲೆಯ ಬಾಳೆಗುಳಿಯಲ್ಲಿ ಇಂಥ 25 ವರ್ಷದ ತರುಣನೊಬ್ಬನಿರುವನೆಂದು ಭಾವಿಸೋಣ. ಕರಾವಳಿಯುದ್ದಕ್ಕೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಿಂದ ಹುಬ್ಬಳ್ಳಿಯ ದಾರಿ ಕವಲೊಡೆಯುವುದು ಅಲ್ಲಿಯೇ. ಲಾರಿಗಳ ಸಂಚಾರ ಬಹಳ. ಆತನು ಸಾಬೂನು ತರಬೇಕಾದರೆ ಏನೇನು ಮಾಡಬೇಕು? ಬೇಕಾದ ವಸ್ತುವನ್ನು ನೆನಪಿನಲ್ಲಿಡಬೇಕು, ಚೀಲ, ಹಣ ತೆಗೆದುಕೊಳ್ಳಬೇಕು, ಎರಡೂ ಕಡೆ ನೋಡಿ ರಸ್ತೆ ದಾಟಬೇಕು, ಅಂಗಡಿಯನ್ನು ಗುರುತಿಸಬೇಕು, ಸರದಿ ಕಾಯಬೇಕು, ವಸ್ತುವನ್ನು ಕೇಳಬೇಕು, ಹಣ ಕೊಡಬೇಕು, ಚಿಲ್ಲರೆಗಾಗಿ ನಿಲ್ಲಬೇಕು, ಮನೆಗೆ ಮರಳಬೇಕು. ನಮಗೆ ಒಂದೇ ಎಂದು ತೋರಿದ ಕೆಲಸ ಒಂಬತ್ತು ಕೆಲಸಗಳಾಯಿತು! ಕಲಿಸುವವರ ಮೊದಲ ಕರ್ತವ್ಯವೇ ಹೀಗೆ ಬಿಡಿಸಿ ನೋಡುವುದು. ಆಗ ಆತನಿಗೆ ಯಾವುದು ಈಗಾಗಲೇ ಬರುತ್ತದೆ, ಯಾವುದು ಬಾರದು ಎಂಬುದು ತಿಳಿಯುತ್ತದೆ. “ಇವನಿಗೆ ಏನೂ ಬರುವುದಿಲ್ಲ” ಎಂಬ ಮಾತು ಸುಳ್ಳಾಗುವುದೂ ಆಗಲೇ.

ಇನ್ನು ಕಲಿಸುವ ಕ್ರಮ. ಎಲ್ಲವನ್ನೂ ಒಮ್ಮೆಗೇ ಕಲಿಸಲಾಗದು. ಕೆಲವೊಮ್ಮೆ ಕೊನೆಯಿಂದ ಆರಂಭಿಸುವುದು ಒಳ್ಳೆಯದು. ಮೊದಲ ಕೆಲವು ದಿನ ಉಳಿದುದನ್ನೆಲ್ಲ ಜೊತೆಗಿದ್ದವರು ನೆರವು ಕೊಟ್ಟು ಮಾಡಿಸಿ, ಚಿಲ್ಲರೆ ಪಡೆದು ಚೀಲ ಹಿಡಿದು ಮನೆಗೆ ಬರುವುದನ್ನು ಮಾತ್ರ ಆತನಿಗೇ ಬಿಡುತ್ತಾರೆ. ಅದು ಕೈಗೂಡಿದ ಮೇಲೆ ಹಣ ಕೊಡುವುದು, ಅನಂತರ ವಸ್ತುವನ್ನು ಕೇಳುವುದು. ಹೀಗೆ ಮಾಡುವುದರಿಂದ ಪ್ರತಿ ದಿನದ ಪಾಠವೂ ಆತನ ಗೆಲುವಿನಲ್ಲಿಯೇ ಮುಗಿಯುತ್ತದೆ. ನೆರವು ಕೊಡುವ ಮುನ್ನ ಮನಸ್ಸಿನಲ್ಲಿ ಐದರವರೆಗೆ ಎಣಿಸಬೇಕು. ಎಷ್ಟೋ ಸಲ ಆತನು ಮುಂದಿನ ಹೆಜ್ಜೆಯನ್ನು ತಾನೇ ಇಡುತ್ತಾನೆ. ಅವಸರದ ನೆರವು ಅದನ್ನು ತಪ್ಪಿಸುತ್ತದೆ. ರಸ್ತೆ ದಾಟುವ ಪಾಠಕ್ಕೆ ಮಾತ್ರ ಈ ಸಡಿಲಿಕೆ ಸಲ್ಲದು. ಆತನು ಸಂಪೂರ್ಣ ಪಳಗುವವರೆಗೆ ಜೊತೆಯಲ್ಲಿ ಒಬ್ಬರಿರಲೇಬೇಕು.

ಡೌನ್ ಸಿಂಡ್ರೋಮ್ ಇರುವ ಬಹುಮಂದಿಗೆ ಕಿವಿಯಿಂದ ಕೇಳಿದ್ದಕ್ಕಿಂತ ಕಣ್ಣಿಂದ ನೋಡಿದ್ದು ಚೆನ್ನಾಗಿ ನೆನಪಿರುತ್ತದೆ. ಕಿವಿ ಮಂದವಾಗಿರುವುದೂ, ಉಚ್ಚಾರ ಅಸ್ಪಷ್ಟವಾಗಿರುವುದೂ ಸಾಮಾನ್ಯ. ಆದುದರಿಂದ “ಸಾಬೂನು, ಸಕ್ಕರೆ, ಕಾಯಿ” ಎಂದು ಬಾಯಲ್ಲಿ ಹೇಳಿ ಕಳುಹಿಸುವುದಕ್ಕಿಂತ, ಮೂರರ ಚಿತ್ರಗಳನ್ನೂ ಒಂದು ಕಾರ್ಡಿನಲ್ಲಿ ಅಂಟಿಸಿ ಕೊಡುವುದು ಮೇಲು. ಅದೇ ಕಾರ್ಡನ್ನು ಆತನು ಅಂಗಡಿಯಲ್ಲಿಯೂ ತೋರಿಸಬಹುದು.

ಹಣದ ಲೆಕ್ಕ ಬಾರದವನು ವ್ಯಾಪಾರ ಮಾಡುವುದೆಂತು? ಇದಕ್ಕೊಂದು ಸರಳೋಪಾಯವಿದೆ. ಕೈಯಲ್ಲಿ ಹತ್ತು ರೂಪಾಯಿಯ ನೋಟುಗಳನ್ನೇ ಇಟ್ಟುಕೊಳ್ಳುವುದು. ಬೆಲೆಯಲ್ಲಿರುವ ಹತ್ತುಗಳಷ್ಟು ನೋಟು ಎಣಿಸಿ, ಮೇಲೆ ಒಂದು ಹೆಚ್ಚು ಕೊಡುವುದು. ಅಂಗಡಿಕಾರನು “ಮೂವತ್ತೆಂಟು” ಎಂದರೆ ಮೂರು ನೋಟು, ಮೇಲೊಂದು. ಕೂಡುವ, ಕಳೆಯುವ ಲೆಕ್ಕ ಬೇಕಿಲ್ಲ. ಹಣ ಸಾಲದೆಂಬ ಭಯವೂ ಇಲ್ಲ. ಕನ್ನಡದಲ್ಲಿ ‘ಮೂವತ್ತು’ ಮೊದಲು, ‘ಎಂಟು’ ಆಮೇಲೆ ಕೇಳಿಸುವುದು ಇಲ್ಲಿ ಅನುಕೂಲ. ಮರಾಠಿಯ ‘ಅಡತೀಸ’ದಲ್ಲಿ ಎಂಟು ಮೊದಲು, ಮೂವತ್ತು ಆಮೇಲೆ, ಕೊಂಕಣಿಯ ಎಣಿಕೆಯ ರೀತಿಯೂ ಹಾಗೆಯೇ. ಕನ್ನಡ, ಕೊಂಕಣಿ ಎರಡೂ ನಡೆಯುವ ಅಂಕೋಲೆಯಂಥ ಊರಿನಲ್ಲಿ ಪಾಠಕ್ಕೆ ಒಂದು ಭಾಷೆಯನ್ನು ಗೊತ್ತುಮಾಡಿಕೊಳ್ಳುವುದು ವಿಹಿತ. ನೋಟುಗಳನ್ನು ಬಣ್ಣದಿಂದಲೂ ಚಿತ್ರದಿಂದಲೂ ಗುರುತಿಸಬಹುದು: ಹೊಸ 50ರ ನೋಟು ನೀಲಿ, ಅದರ ಬೆನ್ನಿಗೆ ಹಂಪೆಯ ಕಲ್ಲಿನ ರಥ. ಹಳೆಯ ಬಣ್ಣದ ನೋಟುಗಳೂ ಕೈಗೆ ಬರುವುದರಿಂದ ಎರಡನ್ನೂ ತೋರಿಸಿರಬೇಕು.

ಈ ಪಾಠವನ್ನು ಮನೆಯಲ್ಲಿ ಆಟದ ಹಣದಿಂದ ಕಲಿಸಿದರೆ ಸಾಲದೆ? ಸಾಲದು. ಒಂದೆಡೆ ಕಲಿತುದನ್ನು ಬೇರೊಂದೆಡೆ ಬಳಸುವುದೇ ಇವರಿಗೆ ಕಷ್ಟ. ಆದುದರಿಂದ ನಿಜವಾದ ಅಂಗಡಿಯಲ್ಲಿ, ನಿಜವಾದ ಹಣದಿಂದ, ಒಂದಲ್ಲ ಎರಡು ಮೂರು ಅಂಗಡಿಗಳಲ್ಲಿ ಅಭ್ಯಾಸ ನಡೆಯಬೇಕು. ಬೆಲೆ ಅಚ್ಚಾಗಿರುವ ಸಾಬೂನು, ಬಿಸ್ಕತ್ತಿನಿಂದ ಆರಂಭಿಸಿ, ಬೆಲೆ ದಿನಕ್ಕೊಂದು ಬಗೆಯಾಗುವ ಬಂಗಡೆ ಮೀನಿನ ವ್ಯಾಪಾರವನ್ನು ಕೊನೆಗೆ ಇಟ್ಟುಕೊಳ್ಳುವುದು ಜಾಣತನ. ಆರಂಭದಲ್ಲಿ, ಕಳೆದರೂ ಸಹಿಸಬಹುದಾದಷ್ಟೇ ಹಣ ಕೊಡಬೇಕು. ಏಕೆಂದರೆ ಒಮ್ಮೊಮ್ಮೆ ಅದು ಕಳೆದೇ ಹೋಗುತ್ತದೆ. ಹಣ ಕಳೆಯದೆ ವ್ಯವಹಾರ ಕಲಿತವರು ನಮ್ಮಲ್ಲಿ ತಾನೆ ಎಷ್ಟು ಮಂದಿ?

ಕಲಿಯಬೇಕಾದವನು ಆತನೊಬ್ಬನೇ ಅಲ್ಲ. ತರುಣನು ಎದುರಿಗೆ ನಿಂತಿರುವಾಗ ಅಂಗಡಿಕಾರನು “ಇವನಿಗೆ ಏನು ಬೇಕಂತೆ?” ಎಂದು ಪಕ್ಕದಲ್ಲಿರುವ ತಾಯಿಯನ್ನು ಕೇಳುವುದುಂಟು. ಈ ಒಂದು ಮಾತಿನಿಂದ ತಿಂಗಳ ಶ್ರಮ ಹಾಳಾದೀತು. ಗಿರಾಕಿಯ ಮುಖ ನೋಡಿ, ನಿಧಾನವಾಗಿ ಬೆಲೆ ಹೇಳಿ, ಆತನು ಎಣಿಸುವವರೆಗೆ ಕಾಯುವುದು ಅಂಗಡಿಕಾರನ ಪಾಲಿನ ಪಾಠ. ಹಿಂದೆ ನಿಂತ ನಮ್ಮ ಪಾಲಿನದೂ ಅದೇ. ವಿಕಲಚೇತನರಿಗೆ ಇತರರಿಗೆ ಸಮನಾಗಿ ತಮ್ಮ ಹಣಕಾಸನ್ನು ತಾವೇ ನಿಯಂತ್ರಿಸುವ ಹಕ್ಕುಂಟೆಂದು 2016ರ ನಮ್ಮ ಕಾಯಿದೆ ಹೇಳುತ್ತದೆ. ಆ ಹಕ್ಕು ಕಾಗದದಿಂದ ಇಳಿದು ಬರುವುದು ಇಂಥ ಅಂಗಡಿಗಳ ಕಟ್ಟೆಯ ಮೇಲೆಯೇ.

ವಿದ್ಯಾರ್ಥಿಗಳೇ, ನಿಮ್ಮ ಸರದಿಗೆ ಮುಂಚೆ ಇಂಥವರೊಬ್ಬರು ಅಂಗಡಿಯಲ್ಲಿ ನೋಟು ಎಣಿಸುತ್ತ ನಿಂತಿದ್ದರೆ, ಅವರ ಕೈಯಿಂದ ನೋಟು ತೆಗೆದು ಎಣಿಸಿಕೊಡಲು ಮುಂದಾಗಬೇಡಿರಿ. ಒಂದು ನಿಮಿಷ ಕಾಯಿರಿ. ಅವರು ಬಹುದಿನ ಕಷ್ಟಪಟ್ಟು ಕಲಿತ ವಿದ್ಯೆಯ ಪರೀಕ್ಷೆ ಅಲ್ಲಿ ನಡೆಯುತ್ತಿರುತ್ತದೆ.