ಡ್ಯಾಂ ಲೆಕ್ಕ ಊರಿನ ಲೆಕ್ಕವಾದದ್ದು

ಮುಂಗಾರು ಹಿಡಿಯಿತೆಂದರೆ ಕಂಪ್ಲಿಯ ಭತ್ತದ ರೈತರು ಒಬ್ಬರನ್ನೊಬ್ಬರು ಕೇಳುವುದು ಒಂದೇ: ‘ಡ್ಯಾಂಗೆ ಎಷ್ಟು ಬಂತು?’ ಉತ್ತರ ಈಗ ಎಲ್ಲರ ಮೊಬೈಲ್‌ನಲ್ಲಿದೆ. ನೀರಿನ ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ತುಂಗಭದ್ರಾ ಮಂಡಳಿ ದಿನವೂ ಪ್ರಕಟಿಸುತ್ತದೆ.

ಹೊಸಪೇಟೆ ಬಳಿಯ ತುಂಗಭದ್ರಾ ಡ್ಯಾಂನಲ್ಲಿ 1953ರಲ್ಲಿ ನೀರು ನಿಂತಾಗ ಇದು ಎಂಜಿನಿಯರರ ಕಡತದ ಲೆಕ್ಕ. ಆಮೇಲೆ ಪತ್ರಿಕೆಯ ಮೂಲೆಗೊಂದು ಸಾಲಾಗಿ ಬಂತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು, ಯಾರೂ ಕೇಳದಿದ್ದರೂ ಕಚೇರಿಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕು ಎಂದಿತು. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿ ಇನ್ನೊಂದು ಹೆಜ್ಜೆ ಇಟ್ಟಿತು: ಸರ್ಕಾರ ಜನರ ದುಡ್ಡಿನಲ್ಲಿ ಕೂಡಿಹಾಕಿದ ಅಂಕಿಗಳನ್ನು ಕಂಪ್ಯೂಟರ್ ಓದುವ ಕೋಷ್ಟಕವಾಗಿ ಕೊಡಬೇಕು, ಅವನ್ನು ಯಾರು ಬೇಕಾದರೂ ಬಳಸಬಹುದು. ಮುಕ್ತ ದತ್ತಾಂಶ ಎನ್ನುವುದು ಇದನ್ನೇ. ಅಂಕಿಯನ್ನು ಫೋಟೊ ತೆಗೆದು ಹಾಕಿದರೆ ಸಾಲದು; ಕೂಡಿಸಿ ಕಳೆಯಲು ಬರಬೇಕು.

ಕೂಡಿಸಿ ಕಳೆದರೆ ಏನು ಸಿಗುತ್ತದೆಂಬುದಕ್ಕೆ ಹೂಳೇ ಸಾಕ್ಷಿ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ, 2008ರ ಸರ್ವೆಯಲ್ಲಿ 100.855, 2016ರ ಸರ್ವೆಯಲ್ಲಿ 105.788 ಎಂದು ಬಂತು. ಮೊದಲ ಎರಡು ಅಂಕಿಗಳ ನಡುವೆ ಎಷ್ಟೋ ಎಕರೆಯ ಎರಡನೇ ಬೆಳೆ ಮುಳುಗಿದೆ. ಕೊನೆಯ ಎರಡರ ನಡುವೆ ಒಂದು ಪ್ರಶ್ನೆಯಿದೆ: ಎಂಟು ವರ್ಷದಲ್ಲಿ ಹೂಳು ಕಡಿಮೆಯಾಯಿತೇ, ಅಳತೆ ಬದಲಾಯಿತೇ? ಎರಡೂ ಸರ್ವೆ ಬಯಲಿಗಿದ್ದರೆ ಮಾತ್ರ ರೈತ ಇದನ್ನು ಕೇಳಬಲ್ಲ.

ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳ ಕಥೆ ಇದರ ತಿರುಗುಮುರುಗು. ಗುಡ್ಡಗಳಿಂದ ಹೊರಟ ಅದಿರಿನ ಲೆಕ್ಕ ಒಂದೊಂದು ಇಲಾಖೆಯಲ್ಲಿ ಒಂದೊಂದು ಚೂರಾಗಿ ಬಿದ್ದಿತ್ತು. ಪರ್ಮಿಟ್ಟಿನ ಲೆಕ್ಕವನ್ನು ಬಂದರಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಲು 2011ರ ಲೋಕಾಯುಕ್ತ ವರದಿಯೇ ಬರಬೇಕಾಯಿತು. ಅಷ್ಟರಲ್ಲಿ ಗುಡ್ಡ ಕರಗಿತ್ತು.

ಮತ್ತೆ ಡ್ಯಾಂಗೆ ಬಂದರೆ, 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಒಟ್ಟು ಗೇಟುಗಳು 33. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಆ ಜಾಗದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂರುವವರೆಗಿನ ಆ ಒಂದು ವಾರ ಈ ಸೀಮೆಯವರು ಕಣ್ಣಿಟ್ಟದ್ದು ಹೊರಹರಿವಿನ ಅಂಕಿಯ ಮೇಲೆಯೇ. ಅದು ಏರಿದರೆ ಹಂಪಿಯಲ್ಲಿ ಪುರಂದರ ಮಂಟಪಕ್ಕೆ ನೀರು, ಇನ್ನೂ ಏರಿದರೆ ಕಂಪ್ಲಿ ಸೇತುವೆ ಬಂದ್. ನದಿದಂಡೆಯವರಿಗೆ ಈ ಸಂಖ್ಯೆ ಎಂದರೆ ಪಂಪ್‌ಸೆಟ್ ಎತ್ತಿಡುವ ಹೊತ್ತು.

ಹೊಸಪೇಟೆ, ಕಂಪ್ಲಿ, ಸಂಡೂರಿನ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ: ಬರುವ ಜೂನ್ 1ರಿಂದ ಶಾಲೆಯ ಗೋಡೆಗೊಂದು ಗ್ರಾಫ್ ಹಾಳೆ ಅಂಟಿಸಿ, ಡ್ಯಾಂನ ನೀರಿನ ಮಟ್ಟ, ಒಳಹರಿವು, ಹೊರಹರಿವು ಈ ಮೂರು ಅಂಕಿಗಳನ್ನು ದಿನವೂ ಮಕ್ಕಳ ಕೈಯಲ್ಲೇ ಗುರುತು ಹಾಕಿಸಿ.