ಮಂಗಳವಾರ್ತೆಯ ಹಬ್ಬ: ಗರ್ಭದ ಮೊದಲ ದಿನಗಳನ್ನು ನಮಗೆ ಕಾಣಿಸಿದವರು



ಮಾರ್ಚ್ 25ರಂದು ಧರ್ಮಸಭೆ ಮಂಗಳವಾರ್ತೆಯ ಮಹೋತ್ಸವವನ್ನು ಕೊಂಡಾಡುತ್ತದೆ. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ ಕ್ರಿಸ್ತಜಯಂತಿ. ತಪಸ್ಸುಕಾಲದ ನಡುವೆ ಬರುವುದರಿಂದ ಈ ಹಬ್ಬ ನಮ್ಮ ಧರ್ಮಕೇಂದ್ರಗಳಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಗೋದಲಿ ಕಟ್ಟುವುದಿಲ್ಲ, ನಕ್ಷತ್ರ ತೂಗುವುದಿಲ್ಲ. ಆದರೂ ದೇವಕುಮಾರ ಮನುಷ್ಯನಾದ ದಿನ ಇದೇ ಎಂಬುದು ನಮ್ಮ ವಿಶ್ವಾಸ.

ಸಂತ ಲೂಕರ ಶುಭಸಂದೇಶವನ್ನು ಗಮನಿಸಿ ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ದೂತನು ಹೋದ ಮೇಲೆ ಮಾತೆ ಮರಿಯ ತಡಮಾಡದೆ ಜೂದೇಯದ ಬೆಟ್ಟದ ಸೀಮೆಗೆ ಹೊರಟರು. ನಜರೇತಿನಿಂದ ಅಲ್ಲಿಗೆ ಕೆಲವು ದಿನಗಳ ನಡಿಗೆ. ಅಂದರೆ ಎಲಿಜಬೇತಮ್ಮ ಬಾಗಿಲಲ್ಲಿ ನಿಂತು "ನನ್ನ ಪ್ರಭುವಿನ ತಾಯಿ" ಎಂದು ಎದುರುಗೊಂಡಾಗ ಆ ಪ್ರಭುವಿನ ವಯಸ್ಸು ಕೆಲವೇ ದಿನ. ಗಾತ್ರ ಪೆನ್ಸಿಲಿನ ಮೊನೆಯಿಂದ ಇಟ್ಟ ಚುಕ್ಕೆಗಿಂತಲೂ ಕಡಿಮೆ.

ಅಷ್ಟು ಚಿಕ್ಕ ಜೀವವನ್ನು ಯಾರಾದರೂ ಕಂಡದ್ದುಂಟೆ? ಹಾವೇರಿ, ರಾಣೆಬೆನ್ನೂರಿನ ಹೆರಿಗೆ ಆಸ್ಪತ್ರೆಗಳ ಗೋಡೆಯ ಮೇಲೆ ಬಣ್ಣದ ಪಟವೊಂದನ್ನು ನೀವೂ ನೋಡಿರಬಹುದು. ಮೂರನೆಯ ವಾರ ಹೀಗೆ, ಐದನೆಯ ವಾರ ಹೀಗೆ, ಎಂಟನೆಯ ವಾರ ಹೀಗೆ ಎಂದು ಸಾಲಾಗಿ ಬರೆದ ಪಟ. ಅದು ಕಲಾವಿದನ ಊಹೆಯಲ್ಲ. ಸ್ಕ್ಯಾನಿಂಗ್ ಯಂತ್ರದಿಂದ ಬಂದದ್ದೂ ಅಲ್ಲ. ಆ ಯಂತ್ರ ಪ್ರಸೂತಿ ಚಿಕಿತ್ಸೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ, ಪಟ ಅದಕ್ಕಿಂತ ಹಳೆಯದು. ಹುಟ್ಟುವ ಮೊದಲೇ ತೀರಿಹೋದ ಸಾವಿರಾರು ಪುಟ್ಟ ದೇಹಗಳನ್ನು ಕೂಡಿಟ್ಟು, ಅಳೆದು, ನೋಡಿ ಬರೆದ ಪಟ ಅದು. ಈ ಹಬ್ಬದಲ್ಲಿ ಅವರ ಕಥೆಯನ್ನು ಹೇಳೋಣ ಎಂದುಕೊಂಡಿದ್ದೇವೆ.

ಜರ್ಮನಿಯ ಲೈಪ್ಜಿಗ್ ನಗರದಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ಅಂಗರಚನಾ ಶಾಸ್ತ್ರಜ್ಞರಿದ್ದರು. ಮನುಷ್ಯ ಭ್ರೂಣಗಳನ್ನು ಬೆಳವಣಿಗೆಯ ಕ್ರಮದಲ್ಲಿ ಜೋಡಿಸಿ ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಅವರೇ ಮೊದಲಿಗರು. ಅವರ ಬಳಿ ಕಲಿತ ಅಮೆರಿಕದ ಫ್ರಾಂಕ್ಲಿನ್ ಮಾಲ್ 1887ರಲ್ಲಿ ಒಂದು ಭ್ರೂಣದಿಂದ ತಮ್ಮ ಸಂಗ್ರಹ ಆರಂಭಿಸಿದರು. ಮುಂದೆ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯಲ್ಲಿ ಪ್ರಾಧ್ಯಾಪಕರಾದಾಗ ಊರೂರಿನ ವೈದ್ಯರಿಗೆ ಪತ್ರ ಬರೆದರು: ಗರ್ಭ ಇಳಿದಾಗ ಸಿಕ್ಕಿದ್ದನ್ನು ಚೆಲ್ಲಬೇಡಿ, ದ್ರಾವಣದಲ್ಲಿ ಹಾಕಿ ನಮಗೆ ಕಳಿಸಿ. ವೈದ್ಯರು ಕಳಿಸಿದರು. ಗರ್ಭ ನಿಲ್ಲದ ತಾಯಂದಿರಿಂದ, ಗರ್ಭಕೋಶ ತೆಗೆಸಿಕೊಂಡವರಿಂದ, ಬಸಿರಿನಲ್ಲೇ ತೀರಿಹೋದವರಿಂದ ಬಂದ ಭ್ರೂಣಗಳು ಅಂಚೆಯಲ್ಲಿ ಬಂದು ಸೇರತೊಡಗಿದವು. 1913ರ ಹೊತ್ತಿಗೆ ಕಾರ್ನೆಗಿ ಸಂಸ್ಥೆ ಈ ಕೆಲಸಕ್ಕೆ ಹಣ ಕೊಡಲು ಮುಂದೆ ಬಂತು. 1917ರಲ್ಲಿ ಮಾಲ್ ತೀರಿಕೊಂಡ ಮೇಲೆ ಜಾರ್ಜ್ ಸ್ಟ್ರೀಟರ್ ಕೆಲಸ ಮುಂದುವರಿಸಿದರು. ಸುಮಾರು 10,000 ಮಾದರಿಗಳ ಆ ಕಾರ್ನೆಗಿ ಸಂಗ್ರಹ ಇಂದು ಅಮೆರಿಕದ ಮೇರಿಲ್ಯಾಂಡಿನಲ್ಲಿ, ಸೇನೆಯ ಹಳೆಯ ವೈದ್ಯಕೀಯ ವಸ್ತುಸಂಗ್ರಹಾಲಯದ ವಶದಲ್ಲಿದೆ.

ಒಂದು ಭ್ರೂಣ ಬಂದರೆ ಏನು ಮಾಡುತ್ತಿದ್ದರು? ಮೊದಲು ಅಳತೆ, ಚಿತ್ರ. ಆಮೇಲೆ ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾದ ಪದರಗಳಾಗಿ ಕತ್ತರಿಸಿ, ಬಣ್ಣ ಹಾಕಿ, ಕ್ರಮ ತಪ್ಪದಂತೆ ಗಾಜಿನ ಮೇಲೆ ಅಂಟಿಸುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ಒಂದೊಂದು ಪದರವನ್ನೂ ನೋಡಿ, ಅದರ ಆಕಾರವನ್ನು ದೊಡ್ಡದು ಮಾಡಿ ಮೇಣದ ಹಾಳೆಯಲ್ಲಿ ಕೊರೆದು, ಆ ಹಾಳೆಗಳನ್ನು ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಇಟ್ಟರೆ ಕಣ್ಣಿಗೆ ಕಾಣದ ಹೃದಯವೋ ಕಿವಿಯೋ ಕೈಯಲ್ಲಿ ಹಿಡಿಯುವಷ್ಟು ದೊಡ್ಡದಾಗಿ ಎದ್ದು ನಿಲ್ಲುತ್ತಿತ್ತು. ಆಸ್ಬರ್ನ್ ಹರ್ಡ್ ಎಂಬ ಕುಶಲಕರ್ಮಿ ಇಂತಹ ನೂರಾರು ಪ್ರತಿಕೃತಿಗಳನ್ನು ಮಾಡಿದರು. ವಿಜ್ಞಾನಿಗಳ ಹೆಸರು ಪುಸ್ತಕಗಳಲ್ಲಿ ಉಳಿಯುತ್ತದೆ, ಇಂತಹ ಕೈಗಳ ಹೆಸರನ್ನು ಹುಡುಕಿ ತೆಗೆಯಬೇಕಾಗುತ್ತದೆ.

ಭ್ರೂಣದ ವಯಸ್ಸು ಹೇಳುವುದೇ ದೊಡ್ಡ ತೊಡಕಾಗಿತ್ತು. ಯಾವ ದಿನ ಗರ್ಭ ನಿಂತಿತೆಂದು ಎಷ್ಟು ತಾಯಂದಿರಿಗೆ ಗೊತ್ತಿರುತ್ತದೆ? ಹಾಗಾಗಿ ಸ್ಟ್ರೀಟರ್ ದಿನ ಎಣಿಸುವುದನ್ನು ಬಿಟ್ಟು ರೂಪ ನೋಡಿ ವಿಂಗಡಿಸಿದರು. ಹತ್ತಿ ಬೀಜೋತ್ಪಾದನೆ ಮಾಡುವ ರಾಣೆಬೆನ್ನೂರು ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಮೊಗ್ಗಿಗೆ ಇಂದು ಕೈ ಹಾಕಬೇಕೆಂದು ಅವರು ಕ್ಯಾಲೆಂಡರ್ ನೋಡಿ ಹೇಳುವುದಿಲ್ಲ, ಮೊಗ್ಗನ್ನೇ ನೋಡಿ ಹೇಳುತ್ತಾರೆ. ಸ್ಟ್ರೀಟರರ ಕೆಲಸವನ್ನು ರೋನನ್ ಓ'ರಾಹಿಲಿ ಪೂರ್ಣಗೊಳಿಸಿದರು. ಮೊದಲ ಎಂಟು ವಾರಗಳ ಬೆಳವಣಿಗೆಯನ್ನು 23 ಹಂತಗಳಾಗಿ ಗುರುತಿಸುವ ಆ ಕ್ರಮವನ್ನೇ ಇಂದು ಜಗತ್ತೆಲ್ಲ ಬಳಸುತ್ತದೆ.

ಆ ಸಂಗ್ರಹದಲ್ಲಿ 836 ಎಂಬ ಸಂಖ್ಯೆಯ ಭ್ರೂಣವೊಂದಿದೆ. 13ನೇ ಹಂತದ್ದು, ಸುಮಾರು ಒಂದು ತಿಂಗಳಿನದು, ಉದ್ದ 4 ಮಿಲಿಮೀಟರ್. ಬ್ಯಾಡಗಿ ಮೆಣಸಿನಕಾಯಿಯೊಂದನ್ನು ಮುರಿದು ಅದರ ಒಂದು ಬೀಜವನ್ನು ಅಂಗೈ ಮೇಲೆ ಇಟ್ಟು ನೋಡಿ, ಅಷ್ಟೇ. ಆ ಬೀಜದಷ್ಟರಲ್ಲಿ ಬಡಿಯುವ ಹೃದಯವಿತ್ತು, ಕೈಕಾಲುಗಳ ಮೊಳಕೆ ಇತ್ತು, ಮಿದುಳು ಬೆನ್ನುಹುರಿಗಳಾಗುವ ನರಕೊಳವೆ ಆಗಲೇ ಮುಚ್ಚಿಕೊಂಡಿತ್ತು. ಎಂಟು ವಾರ ತುಂಬುವ ಹೊತ್ತಿಗೆ ಭ್ರೂಣ ಸುಮಾರು 3 ಸೆಂಟಿಮೀಟರ್, ಹಾವೇರಿಯ ಹಾರಕ್ಕೆ ಪೋಣಿಸುವ ದೊಡ್ಡ ಏಲಕ್ಕಿಗಿಂತ ತುಸು ಉದ್ದ. ಅಷ್ಟರೊಳಗೆ ಬೆರಳುಗಳು ಬಿಡಿಬಿಡಿಯಾಗಿರುತ್ತವೆ, ಕಣ್ಣಿಗೆ ರೆಪ್ಪೆ ಬರತೊಡಗಿರುತ್ತದೆ.

ಇದರಿಂದ ಮನೆಮಂದಿಗೆ ಏನು ಉಪಯೋಗ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನರಕೊಳವೆ ಮುಚ್ಚಿಕೊಳ್ಳುವುದು ಗರ್ಭಧಾರಣೆಯ ನಾಲ್ಕನೆಯ ವಾರದಲ್ಲಿ ಎಂದು ಗೊತ್ತಾದದ್ದು ಇಂತಹ ಪದರಗಳನ್ನು ನೋಡಿದ್ದರಿಂದ. ಅದು ಸರಿಯಾಗಿ ಮುಚ್ಚದಿದ್ದರೆ ಮಗು ಬೆನ್ನುಹುರಿ ತೆರೆದುಕೊಂಡೋ, ತಲೆಬುರುಡೆ ಪೂರ್ತಿ ಕೂಡದೆಯೋ ಹುಟ್ಟುತ್ತದೆ. ನಾಲ್ಕನೆಯ ವಾರ ಎಂದರೆ ತಾಯಿಗೆ ಮುಟ್ಟು ನಿಂತು ಎರಡು ವಾರವಷ್ಟೇ ಆಗಿರುತ್ತದೆ. ಅನೇಕರಿಗೆ ತಾವು ಬಸುರಿ ಎಂದು ಖಚಿತವಾಗಿರುವುದಿಲ್ಲ. ತಾಯಿ ಕಾರ್ಡ್ ಮಾಡಿಸಿ ಗುಳಿಗೆ ತಗೊಳ್ಳುವಷ್ಟರಲ್ಲಿ ಆ ಬಾಗಿಲು ಮುಚ್ಚಿಹೋಗಿರುತ್ತದೆ. ಹಿಂದೆ ಇಂತಹ ಮಗುವನ್ನು ಹೆತ್ತ ತಾಯಂದಿರಿಗೆ ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲ ಕೊಟ್ಟರೆ ಈ ತೊಂದರೆ ನೂರಕ್ಕೆ 72ರಷ್ಟು ತಗ್ಗುತ್ತದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ತೋರಿಸಿಕೊಟ್ಟಿತು. ನಮ್ಮ ದೇಶದಲ್ಲಿ 2018ರ ರಕ್ತಹೀನತೆ ಮುಕ್ತ ಭಾರತ ಯೋಜನೆಯ ಪ್ರಕಾರ ಹೆರುವ ವಯಸ್ಸಿನ ಹೆಂಗಸರಿಗೆ ವಾರಕ್ಕೊಂದು ಕೊಡುವ ಕಬ್ಬಿಣದ ಗುಳಿಗೆಯಲ್ಲಿ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದೆ. ಗುಳಿಗೆ ತಿಂದರೆ ಹೊಟ್ಟೆ ತೊಳಸುತ್ತದೆಂದು ಅದನ್ನು ಡಬ್ಬಿಯಲ್ಲೇ ಬಿಡುವ ಮನೆಗಳುಂಟು. ಮದುವೆ ನಿಶ್ಚಯವಾದ ಹೆಣ್ಣುಮಕ್ಕಳಿಗೆ ಅತ್ತೆ, ಅವ್ವ, ಅಕ್ಕಂದಿರು ಇದನ್ನು ತಿಳಿಸಿ ಹೇಳಬೇಕು. ಎಷ್ಟು, ಯಾವಾಗ ಎಂಬುದನ್ನು ವೈದ್ಯರೇ ಹೇಳಲಿ; ಹಿಂದೆ ಇಂತಹ ಮಗು ಆಗಿದ್ದ ತಾಯಿಗೆ ಪ್ರಮಾಣವೇ ಬೇರೆ.

ಇನ್ನು ಕಹಿಯಾದ ಭಾಗಕ್ಕೆ ಬರೋಣ. 836 ಎಂಬುದು ಸಂಖ್ಯೆ. ಆ ಮಗುವಿನ ತಾಯಿ ಯಾರು? ಆ ಕಾಲದ ವೈದ್ಯರು ತಾಯಿಯ ವಯಸ್ಸು, ಹಿಂದಿನ ಹೆರಿಗೆಗಳು, ಕಾಯಿಲೆಗಳನ್ನು ಬರೆದುಕೊಳ್ಳುತ್ತಿದ್ದರು. ನಿನ್ನ ಒಡಲಿನಿಂದ ಬಂದದ್ದನ್ನು ಇಟ್ಟುಕೊಳ್ಳಲೇ ಎಂದು ಆಕೆಯನ್ನು ಕೇಳುವುದು ಮಾತ್ರ ಆಗ ರೂಢಿಯಲ್ಲಿರಲಿಲ್ಲ.

ಮೊದಲ ಎರಡು ವಾರಗಳ ಭ್ರೂಣಗಳು ಗರ್ಭ ಇಳಿದಾಗ ಸಿಗುವುದೇ ಇಲ್ಲ, ಅಷ್ಟು ಚಿಕ್ಕವು. ಎಲಿಜಬೇತಮ್ಮನ ಬಾಗಿಲಿಗೆ ಬಂದ ಆ ವಯಸ್ಸಿನವು. ಅವನ್ನು ಹುಡುಕಲೆಂದು 1938ರಿಂದ ಅಮೆರಿಕದ ಬಾಸ್ಟನ್ ಬಳಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಜಾನ್ ರಾಕ್ ಮತ್ತು ಆರ್ಥರ್ ಹರ್ಟಿಗ್ ಎಂಬ ವೈದ್ಯರು ಹೊಸ ದಾರಿ ಹಿಡಿದರು. ಕಾಯಿಲೆಯಿಂದ ಗರ್ಭಕೋಶ ತೆಗೆಸಿಕೊಳ್ಳಬೇಕಾಗಿದ್ದ ಮಹಿಳೆಯರು ಮುಟ್ಟಿನ ದಿನ, ಗಂಡನೊಡನೆ ಕೂಡಿದ ದಿನ ಬರೆದಿಡಬೇಕು. ಶಸ್ತ್ರಚಿಕಿತ್ಸೆಯ ದಿನವನ್ನು ಅದಕ್ಕೆ ಹೊಂದಿಸಲಾಗುತ್ತಿತ್ತು. ಸುಮಾರು ಹದಿನೈದು ವರ್ಷಗಳಲ್ಲಿ 210 ಮಹಿಳೆಯರಿಂದ 34 ಭ್ರೂಣಗಳು ಸಿಕ್ಕವು. ಜಾನ್ ರಾಕ್ ಕಥೋಲಿಕರು. ಆ ವೈದ್ಯರಿಗೆ ತಾವು ಮಾಡುತ್ತಿರುವುದು ತಪ್ಪೆನಿಸಿರಲಿಲ್ಲ. ನಮಗೆ ಅನಿಸುತ್ತದೆ. ಗರ್ಭ ನಿಂತಿರಬಹುದು ಎಂದು ತಿಳಿದೇ ಗರ್ಭಕೋಶ ತೆಗೆಯುವುದಕ್ಕೂ ತಾನಾಗಿ ಇಳಿದ ಗರ್ಭವನ್ನು ಪರೀಕ್ಷಿಸುವುದಕ್ಕೂ ಬಹಳ ಅಂತರವಿದೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಹಿಡಿಯೊ ನಿಶಿಮುರಾ 1961ರಿಂದ ಕೂಡಿಸಿದ ಸಂಗ್ರಹ ಇನ್ನೂ ದೊಡ್ಡದು, ಸುಮಾರು 44,000. ಅಲ್ಲಿಯವುಗಳಲ್ಲಿ ಬಹುಪಾಲು ಕಾನೂನು ಪ್ರಕಾರ ಮಾಡಿಸಿಕೊಂಡ ಗರ್ಭಪಾತಗಳಿಂದ ಬಂದವು.

ಹಾಗಾದರೆ ಈ ಜ್ಞಾನವನ್ನು ಬಳಸಬಾರದೇ? ಧರ್ಮಸಭೆ ಜ್ಞಾನವನ್ನು ತಿರಸ್ಕರಿಸಿಲ್ಲ, ದೇಹಗಳ ಬಗ್ಗೆ ಮಾತ್ರ ಸ್ಪಷ್ಟವಾಗಿ ಮಾತಾಡಿದೆ. 1987ರಲ್ಲಿ ವಿಶ್ವಾಸ ಬೋಧನೆಯ ಪೀಠ ಹೊರಡಿಸಿದ 'ದೋನುಮ್ ವೀತೇ' ಎಂಬ ದಾಖಲೆಯ ಪ್ರಕಾರ, ತಾನಾಗಿ ಇಳಿದಿರಲಿ, ಇಳಿಸಿದ್ದಿರಲಿ, ಭ್ರೂಣದ ಶವಕ್ಕೆ ಬೇರೆಲ್ಲ ಮನುಷ್ಯರ ಶವಕ್ಕೆ ಸಲ್ಲುವ ಗೌರವವೇ ಸಲ್ಲಬೇಕು, ಮರಣ ಖಚಿತವಾಗದೆ, ತಂದೆತಾಯಿಯ ಅಥವಾ ತಾಯಿಯ ಒಪ್ಪಿಗೆಯಿಲ್ಲದೆ ಅದನ್ನು ಕತ್ತರಿಸಿ ಪರೀಕ್ಷಿಸುವಂತಿಲ್ಲ, ವ್ಯಾಪಾರವಂತೂ ಸಲ್ಲದು.

ಗೌರವ ಎಂದರೆ ಹೇಗಿರಬಹುದು ಎಂಬುದಕ್ಕೆ ಬರ್ಲಿನ್ ನಗರದ ಒಂದು ಉದಾಹರಣೆಯಿದೆ. ಅದು ಭ್ರೂಣಗಳದ್ದಲ್ಲ, ತಾಯಂದಿರಾಗಬಹುದಾಗಿದ್ದ ಹೆಂಗಸರದು. ಹಿಟ್ಲರನ ಆಡಳಿತ ಮರಣದಂಡನೆ ಕೊಟ್ಟ ಮಹಿಳೆಯರ ದೇಹಗಳನ್ನು ಹರ್ಮನ್ ಸ್ಟೀವ್ ಎಂಬ ಅಂಗರಚನಾ ಶಾಸ್ತ್ರಜ್ಞ ಸಂತಾನಾಂಗಗಳ ಅಧ್ಯಯನಕ್ಕೆ ಬಳಸಿದ್ದ. ಅವನ ಮನೆಯವರ ಬಳಿ ಉಳಿದಿದ್ದ, ಉಗುರಿಗಿಂತ ದೊಡ್ಡದಲ್ಲದ ಸುಮಾರು 300 ಅಂಗಾಂಶದ ತುಣುಕುಗಳನ್ನು 2019ರ ಮೇ ತಿಂಗಳಲ್ಲಿ ಪೆಟ್ಟಿಗೆಯಲ್ಲಿಟ್ಟು ಸಮಾಧಿ ಮಾಡಲಾಯಿತು. ಕಥೋಲಿಕ ಗುರು, ಪ್ರೊಟೆಸ್ಟೆಂಟ್ ಪಾಲಕ, ಯೆಹೂದಿ ರಬ್ಬಿ ಮೂವರೂ ಅಲ್ಲಿದ್ದರು.

ನಮ್ಮ ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲೂ ಅಂಗರಚನಾ ಸಂಗ್ರಹಾಲಯಗಳಿವೆ. ಮಣಿಪಾಲದ್ದು ಸಾರ್ವಜನಿಕರಿಗೂ ತೆರೆದಿದ್ದು, ಕರಾವಳಿ ಪ್ರವಾಸಕ್ಕೆ ಹೋದ ಶಾಲಾ ಮಕ್ಕಳು ಅದನ್ನು ನೋಡಿ ಬರುತ್ತಾರೆ. ಹಿಂದೆ ನಮ್ಮ ಕಡೆಯ ಮಕ್ಕಳು ವೈದ್ಯರಾಗಲು ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕಿತ್ತು, ಈಗ ಹಾವೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಗಾಜಿನ ಜಾಡಿಯ ಮುಂದೆ ನಿಂತಾಗ ನಗೆಚಾಟಿಕೆ ಬೇಡ, ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುವುದೂ ಬೇಡ ಎಂದು ಮನೆಯಲ್ಲಿ ಮೊದಲೇ ಹೇಳಿ ಕಳಿಸಿ. ಭಾರತದಲ್ಲೂ ಇಂದು ಹೊಸ ಸಂಗ್ರಹಗಳು ನಡೆಯುತ್ತಿವೆ. 2024ರ ಡಿಸೆಂಬರಿನಲ್ಲಿ ಚೆನ್ನೈನ ಐ.ಐ.ಟಿ. ಮದ್ರಾಸ್ 'ಧರಣಿ' ಎಂಬ ಹೆಸರಿನಲ್ಲಿ ಎರಡನೆಯ ತ್ರೈಮಾಸಿಕದ ಭ್ರೂಣಗಳ ಮಿದುಳಿನ 5,132 ಪದರಗಳ ಚಿತ್ರಕೋಶವನ್ನು ಪ್ರಕಟಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ದೇಹದ ಅಂಶಗಳನ್ನು ಸಂಶೋಧನೆಗೆ ತೆಗೆದಿಡುವಾಗ ಒಪ್ಪಿಗೆ ಕೇಳಬೇಕೆನ್ನುತ್ತವೆ. ಕೇಳಿದರೆ ತಾಯಿ ಹೌದು ಎನ್ನಬಹುದು, ಬೇಡ ಎನ್ನಬಹುದು, ಎರಡೂ ಆಕೆಯ ಹಕ್ಕು. ತನ್ನ ಮಗುವಿನಿಂದ ಇನ್ನೊಬ್ಬ ತಾಯಿಯ ಮಗು ಉಳಿಯಲಿ ಎಂದು ಹೌದೆನ್ನುವುದರಲ್ಲಿ ಪಾಪವೇನೂ ಇಲ್ಲ.

ಕೊನೆಯದಾಗಿ, ಗರ್ಭ ನಿಲ್ಲದೆ ಹೋದ ಮನೆಗಳಿಗೆ ಒಂದು ಮಾತು. ನಮ್ಮಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಅದು 2016ರ ಜೈವಿಕ ತ್ಯಾಜ್ಯ ನಿಯಮದ ಪ್ರಕಾರ ಹಳದಿ ಚೀಲಕ್ಕೆ ಹೋಗುತ್ತದೆ. ಸಿಬ್ಬಂದಿಯನ್ನು ದೂರುವಂತಿಲ್ಲ, ನಿಯಮವೇ ಹಾಗಿದೆ. ಆದರೆ ಮಗುವಿನ ದೇಹವನ್ನು ಏನು ಮಾಡುತ್ತೀರಿ, ಮಣ್ಣು ಮಾಡಲು ನಮಗೆ ಕೊಡಲಾದೀತೇ ಎಂದು ವೈದ್ಯರನ್ನು ಕೇಳಲು ಹಿಂಜರಿಯಬೇಡಿ. ದೀಕ್ಷಾಸ್ನಾನವಿಲ್ಲದ ಮಗುವಿಗೆ ಅಂತ್ಯಕ್ರಿಯೆ ಇಲ್ಲ ಎಂದು ಹಿರಿಯರು ಹೇಳುವುದುಂಟು. 1983ರ ಧರ್ಮಸಭಾ ಕಾನೂನಿನ 1183ನೇ ವಿಧಿಯ ಪ್ರಕಾರ, ದೀಕ್ಷಾಸ್ನಾನ ಕೊಡಿಸಬೇಕೆಂದು ತಂದೆತಾಯಿ ಬಯಸಿದ್ದು ಅದಕ್ಕೆ ಮೊದಲೇ ತೀರಿಹೋದ ಮಗುವಿಗೆ ಧರ್ಮಾಧ್ಯಕ್ಷರ ಅನುಮತಿಯಿಂದ ಅಂತ್ಯಸಂಸ್ಕಾರ ನಡೆಸಬಹುದು. ಬ್ಯಾಡಗಿಯಲ್ಲಿರಲಿ, ರಾಣೆಬೆನ್ನೂರಿನಲ್ಲಿರಲಿ, ನಿಮ್ಮ ಗುರುಗಳಿಗೆ ಫೋನ್ ಮಾಡಿ. ಎಷ್ಟು ವಾರವಾಗಿತ್ತು ಎಂದು ಅವರು ಕೇಳುವುದಿಲ್ಲ.